ಚಳಿಗಾಲದ ತಲೆ: ಎಣ್ಣೆ, ಬಿಸಿನೀರು, ಹೊಟ್ಟಿನ ತಕರಾರು

ಮಾರ್ಗಶಿರ ಕಾಲಿಟ್ಟಿತೆಂದರೆ ಪತ್ರಿಕೆಗಳ ಆರೋಗ್ಯ ಪುಟಗಳಿಗೆ ಕೂದಲಿನ ನೆನಪಾಗುತ್ತದೆ. ಒಂದು ಪುಟ ತಲೆಗೆ ಚೆನ್ನಾಗಿ ಎಣ್ಣೆ ಕುಡಿಸಿ ಎನ್ನುತ್ತದೆ. ಮರುವಾರದ ಪುಟದಲ್ಲಿ ಚರ್ಮವೈದ್ಯರೊಬ್ಬರು, ಹೊಟ್ಟಿದ್ದವರು ಎಣ್ಣೆ ಬಾಟಲಿ ಮುಟ್ಟಲೇಬಾರದು ಎನ್ನುತ್ತಾರೆ. ವಾರಕ್ಕೊಂದೇ ಸಲ ತಲೆ ತೊಳೆಯಿರಿ ಎನ್ನುವವರೂ ದಿನ ಬಿಟ್ಟು ದಿನ ತೊಳೆಯಿರಿ ಎನ್ನುವವರೂ ಹೆಚ್ಚುಕಡಿಮೆ ಸಮಸಮ. ಓದಿದವರು ಕೊನೆಗೆ ತಮ್ಮ ತಾಯಿ ಮಾಡುತ್ತಿದ್ದುದನ್ನೇ ಮಾಡುತ್ತಾರೆ, ಇಲ್ಲವೇ ಟಿವಿಯ ಜಾಹೀರಾತು ಹೇಳಿದ್ದನ್ನು.

ಮೂರು ಬೇರೆ ಬೇರೆ ದೂರುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವುದರಿಂದ ಈ ಜಗಳ ಬಗೆಹರಿಯುವುದಿಲ್ಲ. ಚಳಿಗಾಲದಲ್ಲಿ ಕೂದಲು ಒರಟಾಗುತ್ತದೆ ಎಂಬುದು ಒಂದು ದೂರು. ಹೊಟ್ಟು ಹೆಚ್ಚುತ್ತದೆ ಎಂಬುದು ಎರಡನೆಯದು. ಬಾಚಿದಷ್ಟೂ ಉದುರುತ್ತದೆ ಎಂಬುದು ಮೂರನೆಯದು. ಮೊದಲನೆಯದು ಚರ್ಮದಿಂದ ಹೊರಬಂದ ಎಳೆಯ ಸಂಗತಿ, ಎರಡನೆಯದು ನೆತ್ತಿಯ ಚರ್ಮದ್ದು, ಮೂರನೆಯದು ಚರ್ಮದೊಳಗಿರುವ ಬುಡದ್ದು. ಎಳೆಗೆ ಹಿತವಾದದ್ದು ಚರ್ಮಕ್ಕೂ ಹಿತವಾಗಬೇಕೆಂಬ ನಿಯಮವಿಲ್ಲ. ಸಾಲದ್ದಕ್ಕೆ, ನಮಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಹಿಮ ಬೀಳುವ ಊರುಗಳ ಚಳಿಗಾಲಕ್ಕೆ ಬರೆದವು. ಮಂಡ್ಯದ, ಮಂಗಳೂರಿನ, ಬೀದರಿನ ಚಳಿ ಆ ಜಾತಿಯದಲ್ಲ. ಕೂದಲಿನ ಬಗ್ಗೆ ಯಾರು ಏನೇ ಹೇಳಿದರೂ ಎರಡು ಪ್ರಶ್ನೆ ಕೇಳಿ ಮುಂದುವರಿಯುವುದು ಒಳ್ಳೆಯದು: ಎಳೆಯ ಮಾತೋ, ಚರ್ಮದ ಮಾತೋ, ಬುಡದ ಮಾತೋ? ಯಾವ ಊರಿನ ಚಳಿ?

ಕೂದಲಿಗೂ ಗಾಳಿಗೂ ಇರುವ ನಂಟು

ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ಡಿ ಸೊಸ್ಯೂರ್ 1783ರಲ್ಲಿ ಗಾಳಿಯ ತೇವಾಂಶವನ್ನು ಅಳೆಯುವ ಬಗ್ಗೆ ಒಂದು ಗ್ರಂಥ ಪ್ರಕಟಿಸಿದ. ಅವನ ಮಾಪಕದ ಮುಖ್ಯ ಅಂಗವೇ ಮನುಷ್ಯನ ಕೂದಲು. ಗಾಳಿ ತೇವವಾದರೆ ಎಳೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಪೂರ್ತಿ ಒಣಗಾಳಿಗೂ ಪೂರ್ತಿ ತೇವದ ಗಾಳಿಗೂ ನಡುವೆ ಉದ್ದದಲ್ಲಿ ಆಗುವ ವ್ಯತ್ಯಾಸ ಸುಮಾರು ಶೇಕಡಾ 2.5. ಮುಳ್ಳನ್ನು ತಿರುಗಿಸಲು ಅಷ್ಟು ಸಾಕು. ಹವಾಮಾನ ಕೇಂದ್ರಗಳು ಇಪ್ಪತ್ತನೆಯ ಶತಮಾನದಲ್ಲೂ ಈ ಬಗೆಯ ಮಾಪಕವನ್ನು ನೆಚ್ಚಿಕೊಂಡಿದ್ದವು. ಈ ಉಪಕರಣ ತಯಾರಿಸುವವರು ಮೊದಲು ಕೂದಲಿನ ಜಿಡ್ಡನ್ನು ಪೂರ್ತಿ ತೆಗೆಯುತ್ತಾರೆ. ಜಿಡ್ಡಿದ್ದರೆ ನೀರಿನಂಶ ಎಳೆಯೊಳಗೆ ಹೋಗುವುದೂ ಬರುವುದೂ ನಿಧಾನವಾಗಿ, ಮಾಪಕ ಮಂದವಾಗುತ್ತದೆ. ಎಣ್ಣೆ ಹಚ್ಚುವವರ ಪರವಾಗಿ ಇಷ್ಟು ಹಳೆಯ ಸಾಕ್ಷಿ ಇರುವುದು ಅವರಲ್ಲೇ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ.

ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಕೆರಟಿನ್ ಎಂಬ ಪ್ರೋಟೀನಿನ ನಾರು ಅದು. ಮೇಲ್ಮೈಯಲ್ಲಿ ತೆಳುವಾದ ಪೊರೆಗಳು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಜಾರಿಸಿ ಹೊದಿಸಿದಂತಿರುತ್ತವೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೊಬ್ಬಿನ ಲೇಪವೊಂದಿದೆ. ಹೊಸ ಕೂದಲು ನುಣುಪಾಗಿರುವುದು ಈ ಲೇಪದಿಂದ. ಬಾಚಣಿಗೆ, ಸೋಪು, ಬಣ್ಣ, ಬಿಸಿಲು ಇದನ್ನು ಸವೆಸುತ್ತವೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಹಾಗಾಗಿ ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷದ ವಯಸ್ಸು. ಐದಾರು ಚಳಿ, ಐದಾರು ಬೇಸಿಗೆ ಕಂಡ ತುದಿ ಸೀಳಿದರೆ ತಪ್ಪನ್ನೆಲ್ಲ ಈ ಡಿಸೆಂಬರಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಚಳಿ ಕೂದಲನ್ನು ಒಣಗಿಸುತ್ತದೆ ಎಂಬ ಮಾತು ಎಲ್ಲಿ ನಿಜ ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 5 ಗ್ರಾಮಿಗೆ ಸ್ವಲ್ಪ ಕಡಿಮೆ ನೀರಾವಿ ಹಿಡಿಯಬಲ್ಲದು. ಅದೇ ಗಾಳಿಯನ್ನು ಮನೆಯೊಳಗೆ ತಂದು ಹೀಟರಿನಿಂದ 22 ಡಿಗ್ರಿಗೆ ಏರಿಸಿದರೆ ಅದು 19 ಗ್ರಾಮಿನಷ್ಟು ಹಿಡಿಯಬಲ್ಲದ್ದಾಗುತ್ತದೆ. ಒಳಗಿರುವುದು ಮಾತ್ರ ಅದೇ 5 ಗ್ರಾಮು, ಎಂದರೆ ಸಾಪೇಕ್ಷ ತೇವಾಂಶ ಶೇಕಡಾ 25. ಟೊರಾಂಟೊ, ಶಿಕಾಗೊಗಳಲ್ಲಿರುವ ಕನ್ನಡಿಗರು ಜನವರಿಯಲ್ಲಿ ಸ್ವೆಟರ್ ತೆಗೆಯುವಾಗ ಚಟಚಟ ಕಿಡಿ ಹಾರುವುದೂ ಕೂದಲು ಎದ್ದು ನಿಲ್ಲುವುದೂ ಇದರಿಂದಲೇ. ಅಲ್ಲಿ ಕೋಣೆಗೆ ತೇವ ಕೊಡುವ ಯಂತ್ರ ಇಡಿ, ಕಂಡಿಷನರ್ ಹೆಚ್ಚು ಹಾಕಿ ಎಂಬ ಸಲಹೆಗೆ ಗಟ್ಟಿ ಆಧಾರವಿದೆ.

ಇನ್ನು ಬೆಂಗಳೂರು. ಡಿಸೆಂಬರಿನ ಮುಂಜಾವಿನ 16 ಡಿಗ್ರಿಯ ಗಾಳಿ ಮಂಜಿನಿಂದ ತುಂಬಿದ್ದರೆ ಅದರಲ್ಲಿ 13 ಗ್ರಾಮಿಗೂ ಹೆಚ್ಚು ನೀರಾವಿ ಇರುತ್ತದೆ. ಮಧ್ಯಾಹ್ನ 26 ಡಿಗ್ರಿಗೆ ಏರಿದರೂ ತೇವಾಂಶ ಶೇಕಡಾ 55ರ ಆಚೀಚೆ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಹೀಟರ್ ಇಲ್ಲ, ಕಿಟಕಿ ತೆರೆದೇ ಇರುತ್ತದೆ. ನಮ್ಮ ಒಳನಾಡಿನಲ್ಲಿ ಗಾಳಿ ನಿಜವಾಗಿ ಒಣಗುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಬೆಂಗಳೂರಿಗೆ ಮಾರ್ಚ್, ಕಲಬುರಗಿಗೆ ಬೇಸಿಗೆಯ ಮಧ್ಯಾಹ್ನಗಳು. ಕರಾವಳಿಯಲ್ಲಿ ಒಣಗಾಳಿ ಎಂಬ ಮಾತಿಗೇ ಅಷ್ಟು ಅರ್ಥವಿಲ್ಲ. ಹಾಗಿದ್ದೂ ಡಿಸೆಂಬರಿನಲ್ಲಿ ನಮ್ಮ ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಸೆಕೆಗೆ ಬರುವ ಬೆವರು ನಿಂತಿದೆ, ಚರ್ಮದ ಜಿಡ್ಡು ಕಡಿಮೆಯಾಗಿದೆ, ಸ್ನಾನದ ನೀರು ಬಿಸಿಯಾಗಿದೆ. ಗಾಳಿಗಿಂತ ಬಚ್ಚಲುಮನೆಯ ಮೇಲೆ ನನ್ನ ಅನುಮಾನ ಹೆಚ್ಚು.

ಹೇಮಂತದ ಎಣ್ಣೆ

ಚಳಿಯಲ್ಲಿ ತಲೆಗೆ ಏನು ಮಾಡಬೇಕೆಂಬುದನ್ನು ನಮ್ಮಲ್ಲಿ ಮೊದಲು ಬರೆದಿಟ್ಟವರು ಆಯುರ್ವೇದದವರು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯ ದಿನಚರಿಯ ಭಾಗವಾಗಿ ತಲೆಗೆ ಎಣ್ಣೆ ಹಚ್ಚುವುದನ್ನು ಹೇಳಿ, ಅದರಿಂದ ತಲೆನೋವು, ಬೊಕ್ಕತನ, ನರೆ ಬಾರದೆಂದೂ ಕೂದಲು ಉದುರದೆಂದೂ ಭರವಸೆ ಕೊಡುತ್ತದೆ. ಆರನೆಯ ಅಧ್ಯಾಯದಲ್ಲಿ ಋತುಚರ್ಯೆ ಬರುತ್ತದೆ: ಹೇಮಂತದಲ್ಲಿ ಮೈಗೆ ಅಭ್ಯಂಗ, ನೆತ್ತಿಗೆ ಎಣ್ಣೆ. ವಾಗ್ಭಟನ ಅಷ್ಟಾಂಗಹೃದಯವೂ ಇದೇ ಸಾಲಿನದು. ಇದರ ಹಿಂದಿನ ತರ್ಕ ಸರಳ. ಶೀತವೂ ರೂಕ್ಷತೆಯೂ ವಾತದ ಗುಣಗಳು, ಎಣ್ಣೆ ಸ್ನಿಗ್ಧ, ಒಂದು ಇನ್ನೊಂದನ್ನು ಹತೋಟಿಗೆ ತರುತ್ತದೆ.

ಈ ಗ್ರಂಥಗಳ ಹೆಸರು ಹೇಳಿಕೊಂಡು ಎಣ್ಣೆ ಮಾರುವವರು ಅದೇ ವಾಗ್ಭಟನ ಇನ್ನೊಂದು ಮಾತನ್ನು ನುಂಗಿಬಿಡುತ್ತಾರೆ. ಬಿಸಿನೀರನ್ನು ಕತ್ತಿನಿಂದ ಕೆಳಗೆ ಸುರಿದುಕೊಂಡರೆ ಬಲ ಬರುತ್ತದೆ, ಅದನ್ನೇ ತಲೆಗೆ ಸುರಿದುಕೊಂಡರೆ ಕೂದಲಿನ ಮತ್ತು ಕಣ್ಣಿನ ಬಲ ಹೋಗುತ್ತದೆ ಎಂದು ಅವನು ದಿನಚರ್ಯೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ. ನಮ್ಮ ಎಣ್ಣೆಸ್ನಾನದ ಸುಖವೆಲ್ಲ ಇರುವುದು ಹಂಡೆಯಿಂದ ಮೊಗೆಮೊಗೆದು ನೆತ್ತಿಗೆ ಹೊಯ್ದುಕೊಳ್ಳುವ ಸುಡುನೀರಿನಲ್ಲಿ. ಶಾಸ್ತ್ರಕ್ಕೂ ರೂಢಿಗೂ ಇಲ್ಲಿ ನೇರ ವಿರೋಧ.

ರೂಢಿಯ ಇತಿಹಾಸವೂ ದೊಡ್ಡದು. ಈಗಿನ ಬೀದರ್ ಜಿಲ್ಲೆಯ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿ ಅರಸನ ಸ್ನಾನಭೋಗಕ್ಕೆಂದೇ ಒಂದು ಭಾಗವಿದೆ. ಜನರ ಸ್ನಾನದ ಪಂಚಾಂಗವಂತೂ ಇನ್ನೂ ಸ್ಪಷ್ಟ. ನೀರು ತುಂಬುವ ಹಬ್ಬದ ಮರುದಿನ, ನರಕಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನ. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಗೆ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಸ್ನಾನ. ಮತ್ತೆ ಯುಗಾದಿಗೆ ಎಣ್ಣೆ. ಮಳೆ ಹಿಂದೆಗೆದ ಮೇಲಿಂದ ಬಿಸಿಲು ಏರುವವರೆಗಿನ ಒಣ ಅರ್ಧವರ್ಷದ ಎರಡು ತುದಿಗಳಲ್ಲಿ ಎರಡು ದೊಡ್ಡ ಎಣ್ಣೆಸ್ನಾನಗಳಿವೆ. ಹಬ್ಬ ಮಾಡಿದವರು ತೇವಾಂಶ ಅಳೆದು ಮಾಡಿದರೆಂದು ನಾನು ಹೇಳಲಾರೆ. ಆದರೆ ಚಳಿಯನ್ನೂ ಬೇಸಿಗೆಯ ಮೊದಲ ಭಾಗವನ್ನೂ ಒಂದೇ ಒಣಗಾಲವೆಂದು ನೋಡುವ ಈ ಪಂಚಾಂಗ ನಮ್ಮ ಹವೆಗೆ ಡಿಸೆಂಬರಿನ ಸಲಹಾ ಅಂಕಣಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಯಾವ ಎಣ್ಣೆ ಎಂಬಲ್ಲಿ ಸಂಪ್ರದಾಯದ ಒಳಗೇ ಒಮ್ಮತವಿಲ್ಲ. ಶಾಸ್ತ್ರದಲ್ಲಿ ತೈಲವೆಂದರೆ ಮೊದಲು ಎಳ್ಳೆಣ್ಣೆ, ಅದು ಉಷ್ಣ. ಕರಾವಳಿಯ ಮನೆಗಳಿಗೆ ತೆಂಗಿನೆಣ್ಣೆಯೇ ಎಣ್ಣೆ. ಹಳೇ ಮೈಸೂರಿನಲ್ಲಿ ಹರಳೆಣ್ಣೆ ತಟ್ಟಿ, ಸೀಗೆಕಾಯಿಯ ಜೊತೆ ಚಿಗರೆ ಪುಡಿ ಹಾಕಿ ಉಜ್ಜುತ್ತಿದ್ದರು. ಮಲೆನಾಡಿನಲ್ಲಿ ಮತ್ತಿ ಸೊಪ್ಪು ಇಲ್ಲವೇ ದಾಸವಾಳದ ಎಲೆ ಕಿವುಚಿ ತೆಗೆದ ಲೋಳೆ. ಹರಳೆಣ್ಣೆ ತಂಪು, ಚಳಿಯಲ್ಲಿ ಬೇಡ ಎನ್ನುವ ಮನೆಗಳು ಬಹಳ. ಗ್ರಂಥಗಳು ಅದನ್ನು ಉಷ್ಣವೆನ್ನುತ್ತವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರಿನಲ್ಲಿ ಬಾಟಲಿಯಿಂದ ಬೀಳುವುದೇ ಇಲ್ಲ. ಅದಕ್ಕೆ ಶೀತದ ಹೆಸರು ಬರಲು ಇದಕ್ಕಿಂತ ಬೇರೆ ಪುರಾವೆ ಬೇಕಾಗಿರಲಿಲ್ಲವೇನೋ.

ಪ್ರಯೋಗಾಲಯಕ್ಕೆ ಬಂದ ಕೊಬ್ಬರಿ ಎಣ್ಣೆ

ಎಣ್ಣೆ ಎಳೆಯ ಮೇಲೆ ಕೂರುತ್ತದೆಯೋ ಒಳಗೆ ಹೋಗುತ್ತದೆಯೋ ಎಂದು ಕೇಳಿದವರು ಸೌಂದರ್ಯವಸ್ತುಗಳ ರಸಾಯನಜ್ಞರು. 2003ರಲ್ಲಿ ಮುಂಬೈನ ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ, ತೊಳೆದು, ಬಾಚಿ, ಎಳೆಯಿಂದ ಎಷ್ಟು ಪ್ರೋಟೀನ್ ಸೋರಿಹೋಗುತ್ತದೆಂದು ಅಳೆದರು. ಸೋರಿಕೆಯನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರವಾದದ್ದು, ಪ್ರೋಟೀನಿಗೆ ಒಗ್ಗುವಂಥದ್ದು; ಹಾಗಾಗಿ ಎಳೆಯೊಳಕ್ಕೆ ನುಸುಳುತ್ತದೆ. ಒಳಗೆ ಎಣ್ಣೆ ಇದ್ದರೆ ನೀರು ಕಡಿಮೆ ಹೋಗುತ್ತದೆ, ಎಳೆ ಊದುವುದೂ ಕುಗ್ಗುವುದೂ ಕಡಿಮೆಯಾಗುತ್ತದೆ, ಹೆಂಚುಗಳು ಏಳುವುದಿಲ್ಲ.

ಇದರಿಂದ ಹೊರಡುವ ತೀರ್ಪು ಅಜ್ಜಿಯ ಕ್ರಮಕ್ಕೆ ಸಂಪೂರ್ಣ ಅನುಕೂಲವಾದದ್ದು: ಎಣ್ಣೆಯನ್ನು ತೊಳೆಯುವ ಮೊದಲು ಹಚ್ಚಬೇಕು. ತೊಳೆದ ಮೇಲೆ ಹಚ್ಚಿ ಮಿರಮಿರ ಮಿಂಚಿಸುವುದು ಎರಡನೆಯ ದರ್ಜೆಯ ಉಪಯೋಗ. ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ಆ ಸಂಶೋಧಕರು ಕೆಲಸ ಮಾಡುತ್ತಿದ್ದದ್ದು ಪ್ಯಾರಾಶೂಟ್ ಕೊಬ್ಬರಿ ಎಣ್ಣೆ ತಯಾರಿಸುವ ಮಾರಿಕೋ ಕಂಪನಿಯಲ್ಲಿ. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ, ತರ್ಕವೂ ಗಟ್ಟಿಯಾಗಿದೆ. ಆದರೂ ಎಳ್ಳೆಣ್ಣೆಯನ್ನೂ ಹರಳೆಣ್ಣೆಯನ್ನೂ ಇಷ್ಟೇ ಶ್ರದ್ಧೆಯಿಂದ ಪರೀಕ್ಷಿಸಲು ಹಣ ಹಾಕುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. 2022ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ಪರಾಮರ್ಶೆ ಕೊಬ್ಬರಿ, ಹರಳು, ಅರ್ಗಾನ್ ಎಣ್ಣೆಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಬಿರುಸು ಕೂದಲಿಗೆ ಕೊಬ್ಬರಿ ಎಣ್ಣೆಯಿಂದ ಸ್ವಲ್ಪ ಪ್ರಯೋಜನವಿದೆ, ಹರಳೆಣ್ಣೆ ಹೊಳಪು ಕೊಡುತ್ತದೆ ಎಂಬುದಕ್ಕೆ ದುರ್ಬಲ ಆಧಾರವಿದೆ, ಕೂದಲು ಬೆಳೆಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂಬರ್ಥದ ತೀರ್ಮಾನಕ್ಕೆ ಬಂದಿತು. ಪ್ರಯೋಗಾಲಯದ ಪಕ್ಷದ ಬಲವೂ ಮಿತಿಯೂ ಒಂದೇ ಕಡೆ ಇದೆ. ಅದು ಮಾತಾಡುವುದು ಕತ್ತರಿಸಿ ತಂದ ಎಳೆಯ ಬಗ್ಗೆ. ಆ ಎಳೆಗೆ ಚರ್ಮವಿಲ್ಲ, ತುರಿಕೆಯಿಲ್ಲ.

ಹೊಟ್ಟಿನವರ ವಾದ

ತುರಿಕೆಯಿರುವುದು ಚರ್ಮವೈದ್ಯರ ಕೋಣೆಯಲ್ಲಿ. ಫ್ರಾನ್ಸಿನ ಲೂಯಿ ಶಾರ್ಲ್ ಮಲಾಸೆ 1874ರಲ್ಲಿ ಹೊಟ್ಟಿನಲ್ಲಿ ಒಂದು ಯೀಸ್ಟಿನ ಕೋಶಗಳನ್ನು ಗುರುತಿಸಿದ. ಇಂದು ಆ ಕುಲಕ್ಕೆ ಅವನದೇ ಹೆಸರು, ಮಲಾಸೀಜಿಯಾ. ಇದು ಎಲ್ಲರ ನೆತ್ತಿಯಲ್ಲೂ ಇರುತ್ತದೆ. 2007ರಲ್ಲಿ ಇದರ ಒಂದು ಪ್ರಭೇದದ ಜೀನೋಮ್ ಪ್ರಕಟವಾದಾಗ, ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳುವ ಜೀನ್ ಅದಕ್ಕೆ ಇಲ್ಲವೆಂದು ತಿಳಿಯಿತು. ಹೊಟ್ಟೆಗೆ ಬೇಕಾದ ಕೊಬ್ಬನ್ನು ಅದು ನಮ್ಮ ಚರ್ಮದ ಜಿಡ್ಡಿನಿಂದಲೇ ಪಡೆಯಬೇಕು. ಜಿಡ್ಡನ್ನು ಒಡೆದಾಗ ಉಳಿಯುವ ಓಲಿಯಿಕ್ ಆಮ್ಲ ಕೆಲವರ ಚರ್ಮವನ್ನು ಕೆಣಕಿ ಪದರ ಪದರವಾಗಿ ಉದುರಿಸುತ್ತದೆ. ಓಲಿಯಿಕ್ ಆಮ್ಲವನ್ನು ನೇರವಾಗಿ ನೆತ್ತಿಗೆ ಹಚ್ಚಿ ನೋಡಿದ 2005ರ ಅಧ್ಯಯನದಲ್ಲಿ ಹೊಟ್ಟಿನ ಪ್ರವೃತ್ತಿ ಇದ್ದವರಲ್ಲಿ ಮಾತ್ರ ಚರ್ಮ ಉದುರಿತು. ಯೀಸ್ಟು, ಜಿಡ್ಡು, ಒಬ್ಬೊಬ್ಬರ ದೇಹಸ್ವಭಾವ, ಮೂರೂ ಸೇರಿದರೆ ಹೊಟ್ಟು.

ಎಳ್ಳೆಣ್ಣೆ, ಶೇಂಗಾ ಎಣ್ಣೆ, ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಎಲ್ಲದರಲ್ಲೂ ಓಲಿಯಿಕ್ ಆಮ್ಲ ಉಂಟು. ಹೊಟ್ಟು ಕಂಡರೆ ಎಣ್ಣೆ ಬಿಡಿ ಎಂಬ ವೈದ್ಯರ ಮಾತಿನ ಬೇರು ಇದು. ಪುಡಿಪುಡಿಯಾದ ಬಿಳಿ ಒಣ ಹೊಟ್ಟಿಗೆ ಎಣ್ಣೆ ಹಿತವೆನಿಸಬಹುದು. ಹಳದಿ ಛಾಯೆಯ, ಅಂಟಂಟಾದ, ಹುಬ್ಬು ಮತ್ತು ಮೂಗಿನ ಬದಿಗೂ ಹರಡಿದ ಹೊಟ್ಟಿಗೆ ಎಣ್ಣೆ ಹಾಕುವುದೆಂದರೆ ಯೀಸ್ಟಿಗೆ ಊಟ ಬಡಿಸಿದಂತೆ. ಜನ ಮಾತ್ರ ಎರಡನ್ನೂ ಒಣಗಿದ್ದಕ್ಕೆ ಆಯಿತೆಂದು ತಿಳಿದು ಇನ್ನಷ್ಟು ಎಣ್ಣೆ ಸುರಿಯುತ್ತಾರೆ. ಸುಶ್ರುತ ವರ್ಣಿಸುವ ದಾರುಣಕ, ಎಂದರೆ ನೆತ್ತಿಯ ಚರ್ಮ ಒರಟಾಗಿ ತುರಿಸಿ ಬಿರಿಯುವ ರೋಗ, ಇದರ ಹಳೆಯ ದಾಖಲೆ. ಅಲ್ಲಿ ಚಿಕಿತ್ಸೆಗೆ ಬರುವುದು ಔಷಧ ಸೇರಿಸಿ ಕಾಯಿಸಿದ ಎಣ್ಣೆ. ಬರೀ ಎಣ್ಣೆಯ ಸಮರ್ಥಕರು ಈ ಭೇದವನ್ನೂ ಮರೆತಿದ್ದಾರೆ.

ಇಷ್ಟಾದರೂ ಈ ಪಕ್ಷದ ಒಳಗೆ ಎರಡು ತೊಡಕುಗಳಿವೆ. ಯೀಸ್ಟು ಹುಲುಸಾಗಿ ಬೆಳೆಯುವುದು ಬೆವರಿನ, ಸೆಕೆಯ ಚರ್ಮದಲ್ಲಿ. ಆದರೆ ಹೊಟ್ಟೂ ಅದರ ಉಗ್ರರೂಪವಾದ ಸೆಬೋರಿಕ್ ಡರ್ಮಟೈಟಿಸೂ ಕೆರಳುವುದು ಚಳಿಯಲ್ಲಿ. ಚಳಿಗೆ ಚರ್ಮದ ತಡೆಗೋಡೆ ದುರ್ಬಲವಾಗುತ್ತದೆ, ಬಿಸಿಲು ಕಡಿಮೆ ಬೀಳುತ್ತದೆ, ಜನ ತಲೆ ತೊಳೆಯುವುದನ್ನು ಮುಂದೂಡುತ್ತಾರೆ, ಮಂಕಿ ಕ್ಯಾಪು ಮತ್ತು ಹೆಲ್ಮೆಟಿನೊಳಗೆ ನೆತ್ತಿ ಬೆಚ್ಚಗೆ ಕೊಳೆಯುತ್ತದೆ. ಕಾರಣಗಳ ಪಟ್ಟಿ ಉದ್ದವಿದೆ, ಯಾವುದರ ಪಾಲು ಎಷ್ಟು ಎಂಬುದು ತೀರ್ಮಾನವಾಗಿಲ್ಲ. ಎರಡನೆಯ ತೊಡಕು ಕೊಬ್ಬರಿ ಎಣ್ಣೆಯದೇ. ಅದರ ಲಾರಿಕ್ ಆಮ್ಲ ಯೀಸ್ಟಿಗೆ ಆಹಾರವೂ ಹೌದು, ಶಿಲೀಂಧ್ರ ವಿರೋಧಿಯೂ ಹೌದು. ಭೋಪಾಲದ ಐಸರ್ ಸಂಸ್ಥೆಯ ವಿಜ್ಞಾನಿಗಳು 140 ಭಾರತೀಯ ಮಹಿಳೆಯರ ನೆತ್ತಿಯನ್ನು ಹಲವು ವಾರ ಹಿಂಬಾಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ, ಕೊಬ್ಬರಿ ಎಣ್ಣೆಯಿಂದ ಆರೋಗ್ಯಕರ ಸೂಕ್ಷ್ಮಜೀವಿಗಳು ಹೆಚ್ಚಿದವು ಎನ್ನುತ್ತದೆ. ಅದರಲ್ಲೂ ಎಣ್ಣೆ ಕಂಪನಿಯ ಸಹಭಾಗಿತ್ವವಿತ್ತು.

ಔಷಧದ ವಿಷಯದಲ್ಲಿ ಇಷ್ಟು ಗೊಂದಲವಿಲ್ಲ. ಕೀಟೊಕೊನಜೋಲ್ ಶಾಂಪೂ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆದರೆ ಬಹಳ ಜನಕ್ಕೆ ಗುಣ ಕಾಣುತ್ತದೆ. ಹಚ್ಚಿದೊಡನೆ ತೊಳೆದು ಔಷಧ ಕೆಲಸ ಮಾಡಲಿಲ್ಲ ಎನ್ನುವವರೇ ಹೆಚ್ಚು. ಹೊಟ್ಟಿನ ಶಾಂಪೂಗಳಲ್ಲಿ ಸಾಮಾನ್ಯವಾದ ಜಿಂಕ್ ಪೈರಿಥಿಯೋನನ್ನು ಐರೋಪ್ಯ ಒಕ್ಕೂಟ 2022ರ ಮಾರ್ಚಿನಿಂದ ಸೌಂದರ್ಯವಸ್ತುಗಳಲ್ಲಿ ನಿಷೇಧಿಸಿದೆ; ನಮ್ಮ ಅಂಗಡಿಗಳಲ್ಲಿ ಅದು ಇನ್ನೂ ಇದೆ.

ಬಿಸಿನೀರು, ಗಡಸುನೀರು, ಒದ್ದೆ ಜಡೆ

ಬಚ್ಚಲುಮನೆಯನ್ನು ಮುಖ್ಯ ಆರೋಪಿಯಾಗಿ ನೋಡುವವರು ಪಕ್ಷ ಕಟ್ಟಿಕೊಂಡಿಲ್ಲ, ಆದರೆ ಅವರ ಮಾತಿಗೆ ಎಲ್ಲ ಕಡೆಯಿಂದಲೂ ಬೆಂಬಲ ಸಿಗುತ್ತದೆ. ಬಿಸಿನೀರು ನೆತ್ತಿಯ ಜಿಡ್ಡನ್ನು ಕರಗಿಸಿ ಒಯ್ಯುತ್ತದೆ ಎಂದು ಚರ್ಮವೈದ್ಯರೂ ಹೇಳುತ್ತಾರೆ. ವಾಗ್ಭಟನಿಗೂ ಅವರಿಗೂ ಒಮ್ಮತವಿರುವ ಅಪರೂಪದ ಜಾಗವಿದು. ಮೈಗೆ ಬಿಸಿ, ತಲೆಗೆ ಉಗುರುಬೆಚ್ಚಗೆ ಎಂಬುದನ್ನು ಪಾಲಿಸಲು ದುಡ್ಡೂ ಬೇಡ.

ಸೋಪಿನ ವಿಷಯ ಸ್ವಲ್ಪ ಬೇರೆ. ಹಳ್ಳಿಗಳಲ್ಲಿ ಇಂದಿಗೂ ಮೈಸೋಪಿನಿಂದಲೇ ತಲೆ ತೊಳೆಯುವ ಗಂಡಸರಿದ್ದಾರೆ. ಸೋಪು ಕ್ಷಾರ, ಕೂದಲಿನ ಮೇಲ್ಮೈ ಆಮ್ಲೀಯ. ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿಗಳ ಗಡಸುನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಬಿಳಿ ಅಂಟಾಗಿ ಕೂದಲ ಮೇಲೆ ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 600. ಸೀಗೆಕಾಯಿಯೂ ಶಾಂಪೂವೂ ಇಂಥ ನೀರಿನಲ್ಲಿ ಸೋಪಿಗಿಂತ ವಾಸಿ. ಇನ್ನು ಗಡಸುನೀರು ಕೂದಲನ್ನು ದುರ್ಬಲಗೊಳಿಸುತ್ತದೆಯೇ ಎಂದರೆ, ಕೊಯಮತ್ತೂರಿನ ವೈದ್ಯರು 2013ರಲ್ಲಿ ಎಳೆಗಳನ್ನು ಎಳೆದು ನೋಡಿ ಬಲದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದರು. 2018ರಲ್ಲಿ ಪಾಕಿಸ್ತಾನದ ತಂಡವೊಂದು ಬಲ ಕುಗ್ಗುತ್ತದೆಂದಿತು. ಎರಡೂ ಒಂದೇ ಪತ್ರಿಕೆಯಲ್ಲಿ ಪ್ರಕಟವಾದವು. ನೀರು ಬದಲಾಯಿಸಿ ಕೂದಲು ಬೆಳೆಸುವ ನಲ್ಲಿಫಿಲ್ಟರಿನ ಜಾಹೀರಾತು ಈ ಅನಿಶ್ಚಯದ ಮೇಲೆ ನಿಂತಿದೆ.

ಚಳಿಗಾಲಕ್ಕೇ ಮೀಸಲಾದ ನಿಜವಾದ ತೊಂದರೆ ಒಣಗಿಸುವುದರಲ್ಲಿದೆ. ಬೇಸಿಗೆಯಲ್ಲಿ ಅರ್ಧ ಗಂಟೆಗೆ ಆರುವ ಕೂದಲು ಪುಷ್ಯದ ಬೆಳಿಗ್ಗೆ ಮಧ್ಯಾಹ್ನದವರೆಗೂ ಒದ್ದೆ. ಒದ್ದೆ ಎಳೆ ಊದಿರುತ್ತದೆ, ಹೆಚ್ಚು ಹಿಗ್ಗುತ್ತದೆ, ಬಾಚಿದರೆ ಬೇಗ ತುಂಡಾಗುತ್ತದೆ. ಶಾಲೆಗೋ ಕೆಲಸಕ್ಕೋ ಹೊರಡುವ ಅವಸರದಲ್ಲಿ ಹಸಿ ಜಡೆ ಬಿಗಿದು ಕಟ್ಟುವವರಿಗೆ ಇದರ ಫಲ ಗೊತ್ತು. ಡ್ರೈಯರ್ ಹಾಳು, ಗಾಳಿಗೆ ಆರುವುದೇ ಒಳ್ಳೆಯದು ಎಂಬ ನಂಬಿಕೆಯನ್ನು ಕೊರಿಯಾದ 2011ರ ಅಧ್ಯಯನವೊಂದು ಅಲುಗಾಡಿಸಿತು. 15 ಸೆಂಟಿಮೀಟರ್ ದೂರ ಹಿಡಿದು ಆಡಿಸುತ್ತಾ ಒಣಗಿಸಿದಾಗ ಕೂದಲಿಗೆ ತಗಲುವ ಬಿಸಿ 47 ಡಿಗ್ರಿ. 5 ಸೆಂಟಿಮೀಟರಿಗೆ ಹತ್ತಿರ ತಂದರೆ 95 ಡಿಗ್ರಿ. ಹತ್ತಿರದ ಬಿಸಿ ಹೊರಪೊರೆಯನ್ನು ಹಾಳುಮಾಡಿತು, ಆದರೆ ಎಳೆಯ ಒಳಗಿನ ಕೋಶಗಳನ್ನು ಅಂಟಿಸಿ ಹಿಡಿಯುವ ಪದರಕ್ಕೆ ಪೆಟ್ಟು ಕಂಡದ್ದು ತಾನಾಗಿ ಆರಲು ಬಿಟ್ಟ ಕೂದಲಿನಲ್ಲಿ. ಬುಟ್ಟಿ ಬೋರಲು ಹಾಕಿ, ಕೆಳಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಕೂದಲು ಹರಡಿ ಒಣಗಿಸುತ್ತಿದ್ದ ನಮ್ಮ ಹಿರಿಯ ಹೆಂಗಸರು ದೂರ ಮತ್ತು ಹದವಾದ ಬಿಸಿಯ ಈ ಸೂತ್ರವನ್ನೇ ಪಾಲಿಸುತ್ತಿದ್ದರು. ಹೊಗೆಯನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ.

ಉದುರುವ ಲೆಕ್ಕ

ಚಳಿಗಾಲದಲ್ಲಿ ಕೂದಲು ಹೆಚ್ಚು ಉದುರುತ್ತದೆ ಎಂಬ ನಂಬಿಕೆಗೆ ವಿಜ್ಞಾನ ಕೊಟ್ಟ ಉತ್ತರ ವಿಚಿತ್ರವಾಗಿದೆ. ನೆತ್ತಿಯ ಕೂದಲುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಸದಾ ಬೆಳೆಯುತ್ತಿರುತ್ತವೆ. ಉಳಿದವು ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರ್‍ಯಾಂಡಲ್ ಮತ್ತು ಎಬ್ಲಿಂಗ್ 14 ಗಂಡಸರ ಕೂದಲನ್ನು ಹದಿನೆಂಟು ತಿಂಗಳು ಎಣಿಸಿ 1991ರಲ್ಲಿ ವರದಿ ಮಾಡಿದರು. ಅತಿ ಹೆಚ್ಚು ಉದುರಿದ್ದು ಆಗಸ್ಟ್ ಸೆಪ್ಟೆಂಬರಿನಲ್ಲಿ, ಚಳಿಗಾಲದ ಎರಡು ಪಟ್ಟಿಗೂ ಹೆಚ್ಚು. ಸ್ವಿಟ್ಜರ್ಲೆಂಡಿನಲ್ಲಿ 823 ಮಹಿಳೆಯರ ದಾಖಲೆ ನೋಡಿದ 2009ರ ಅಧ್ಯಯನದಲ್ಲೂ ವಿಶ್ರಮಿಸುವ ಕೂದಲು ಜುಲೈಯಲ್ಲಿ ಹೆಚ್ಚು, ಫೆಬ್ರುವರಿಯ ಆರಂಭದ ಹೊತ್ತಿಗೆ ಅತಿ ಕಡಿಮೆ. ಎಂದರೆ ಆ ನಾಡುಗಳಲ್ಲಿ ಚಳಿಗಾಲ ಕೂದಲು ಉಳಿಸಿಕೊಳ್ಳುವ ಕಾಲ.

ಹಗಲಿನ ಉದ್ದ ಬದಲಾಗುವುದೇ ಈ ಏರಿಳಿತಕ್ಕೆ ಕಾರಣವೆಂಬ ಊಹೆಯಿದೆ. ಶೆಫೀಲ್ಡಿನಲ್ಲಿ ಜೂನಿನ ಹಗಲಿಗೂ ಡಿಸೆಂಬರಿನ ಹಗಲಿಗೂ ಒಂಬತ್ತು ಗಂಟೆಗೂ ಮೀರಿದ ಅಂತರವಿದೆ. ಬೆಂಗಳೂರಿನಲ್ಲಿ ಅದು ಒಂದೂವರೆ ಗಂಟೆ. ಆ ಋತುಚಕ್ರ ಇಲ್ಲಿ ಹಾಗೆಯೇ ನಡೆಯಬೇಕೆಂದೇನೂ ಇಲ್ಲ.

ಹಾಗಾದರೆ ನವೆಂಬರಿನಿಂದ ಜನವರಿವರೆಗೆ ಬಚ್ಚಲಿನ ಜಾಲರಿಯಲ್ಲಿ ಕಾಣುವ ಕೂದಲಿನ ಉಂಡೆ ಎಲ್ಲಿಂದ ಬಂತು? ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ 1961ರಲ್ಲಿ ವಿವರಿಸಿದ ಸ್ಥಿತಿಯೊಂದು ಇಲ್ಲಿ ಸಹಾಯಕ್ಕೆ ಬರುತ್ತದೆ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಇಂಥ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿ ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತವೆ. ಕೋವಿಡ್ ನಂತರ ಇದು ಮನೆಮನೆಯ ಅನುಭವವಾಯಿತು. ನಮ್ಮಲ್ಲಿ ಡೆಂಗಿ, ಚಿಕುನ್‌ಗುನ್ಯ, ವಿಷಮಶೀತ ಜ್ವರ ಹೆಚ್ಚುವುದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ. ಅಲ್ಲಿಂದ ಎರಡು ಮೂರು ತಿಂಗಳು ಎಣಿಸಿದರೆ ಚಳಿಗಾಲ. ಚಳಿಯ ಮೇಲೆ ಹೊರಿಸುವ ಉದುರುವಿಕೆಯಲ್ಲಿ ಒಂದು ಪಾಲು ಭಾದ್ರಪದದ ಜ್ವರದ ಬಾಕಿ ಎಂಬುದು ನನ್ನ ಊಹೆ. ಇನ್ನೊಂದು ಪಾಲು ಬರೀ ಲೆಕ್ಕದ ಮಾಯೆ: ಚಳಿಗೆ ಹೆದರಿ ವಾರಕ್ಕೊಮ್ಮೆ ತಲೆ ತೊಳೆದರೆ ಏಳು ದಿನದ ಕೂದಲು ಒಂದೇ ದಿನ ಕೈಗೆ ಬರುತ್ತದೆ.

ಆಹಾರದ ಕಡೆಯವರು ಈ ಚರ್ಚೆಯನ್ನೇ ಪಕ್ಕಕ್ಕಿಟ್ಟು ರಕ್ತ ಪರೀಕ್ಷೆ ಮಾಡಿಸಿ ಎನ್ನುತ್ತಾರೆ, ಅವರಿಗೆ ಕಾರಣವಿದೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ; ಕರ್ನಾಟಕದಲ್ಲಿ ಅರ್ಧಕ್ಕೆ ಸಮೀಪ. ಕಬ್ಬಿಣದ ಕೊರತೆಯಿದ್ದಾಗ ಬುಡ ಸೊರಗುತ್ತದೆ ಎಂಬುದನ್ನು ಬಹಳ ವೈದ್ಯರು ಒಪ್ಪುತ್ತಾರೆ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಎಷ್ಟಿದ್ದರೆ ಸಾಕು ಎಂಬಲ್ಲಿ ಮಾತ್ರ ಒಪ್ಪುವುದಿಲ್ಲ. ಬಯೋಟಿನ್ ಗುಳಿಗೆಯ ಮಾರಾಟಕ್ಕೆ ಇಂಥ ಆಧಾರವೂ ಇಲ್ಲ. ಕೊರತೆಯಿಲ್ಲದವರಿಗೆ ಅದರಿಂದ ಲಾಭ ಸಾಬೀತಾಗಿಲ್ಲ, ಮೇಲಾಗಿ ಅದು ಹೃದಯಾಘಾತ ಪತ್ತೆಯ ರಕ್ತಪರೀಕ್ಷೆಯನ್ನೇ ದಿಕ್ಕು ತಪ್ಪಿಸಬಹುದೆಂದು ಅಮೆರಿಕದ ಔಷಧ ಆಡಳಿತ 2017ರಲ್ಲಿ ಎಚ್ಚರಿಸಿತು.

ಇನ್ನೂ ಇತ್ಯರ್ಥವಾಗದ್ದು

ಎಳೆಯ ಮಟ್ಟಿಗೆ ತಕರಾರು ಬಹುತೇಕ ಮುಗಿದಿದೆ. ತೊಳೆಯುವ ಮೊದಲು ಎಣ್ಣೆ, ತಲೆಗೆ ಉಗುರುಬೆಚ್ಚಗಿನ ನೀರು, ಒದ್ದೆಯಲ್ಲಿ ಬಾಚದಿರುವುದು, ದೂರದಿಂದ ಹದವಾದ ಬಿಸಿಯಲ್ಲಿ ಆರಿಸುವುದು, ಇವನ್ನು ಯಾವ ಪಕ್ಷವೂ ಗಟ್ಟಿಯಾಗಿ ವಿರೋಧಿಸುವುದಿಲ್ಲ. ಚರ್ಮದ ಮಟ್ಟಿಗೆ ಅರ್ಧ ಮುಗಿದಿದೆ. ಅಂಟು ಹೊಟ್ಟಿಗೆ ಬರೀ ಎಣ್ಣೆ ಮದ್ದಲ್ಲ ಎಂಬುದು ನಿಶ್ಚಿತ. ಕೊಬ್ಬರಿ ಎಣ್ಣೆ ಆ ನಿಯಮಕ್ಕೆ ಅಪವಾದವೇ ಎಂಬುದು, ಎಣ್ಣೆ ಮಾರದವರು ಹಣ ಹಾಕಿ ಪರೀಕ್ಷಿಸುವವರೆಗೆ ತೆರೆದೇ ಇರುತ್ತದೆ. ಎಣ್ಣೆಯನ್ನು ನೆತ್ತಿಗೆ ಮುಟ್ಟಿಸದೆ ಎಳೆಯ ಉದ್ದಕ್ಕೆ ಮಾತ್ರ ಸವರುವ ರಾಜಿಸೂತ್ರ ಕೆಲವು ವೈದ್ಯರದು. ನನಗೆ ಅದು ಒಪ್ಪಿಗೆ, ಆಯುರ್ವೇದದವರಿಗೆ ಒಪ್ಪಿಗೆಯಾಗಲಾರದು; ಅವರ ದೃಷ್ಟಿಯಲ್ಲಿ ನೆತ್ತಿಯೇ ಮುಖ್ಯ. ನೆತ್ತಿ ತಿಕ್ಕುವುದರಿಂದ ಬರುವ ನಿದ್ದೆ, ಹಗುರ, ಸಮಾಧಾನವನ್ನು ಕೂದಲಿನ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬುದರ ಮೇಲೂ ಈ ಭಿನ್ನಾಭಿಪ್ರಾಯ ನಿಂತಿದೆ.

ಬುಡದ ವಿಷಯದಲ್ಲಿ ನಾವು ಬಹಳ ಹಿಂದಿದ್ದೇವೆ. ನಮಗೆ ಸಿಗುವ ಋತುಮಾನದ ಅಂಕಿಗಳು ಶೆಫೀಲ್ಡಿನವು, ಸ್ವಿಟ್ಜರ್ಲೆಂಡಿನವು. ಎಲ್ಲ ಋತುವಿನಲ್ಲೂ ಹೆಚ್ಚುಕಡಿಮೆ ಸಮನಾದ ಹಗಲಿರುವ, ಮಳೆಗಾಲ ಮುಗಿದ ಮೇಲೆ ಜ್ವರದಿಂದ ಏಳುವ ನಾಡಿನಲ್ಲಿ ಕೂದಲು ಯಾವಾಗ ಉದುರುತ್ತದೆ ಎಂಬುದನ್ನು ಇಲ್ಲಿಯೇ ಎಣಿಸಬೇಕು. ಇದಕ್ಕೆ ದೊಡ್ಡ ಯಂತ್ರಗಳು ಬೇಡ. ಕಲಬುರಗಿಯಲ್ಲೂ ಮಂಗಳೂರಿನಲ್ಲೂ ವೈದ್ಯಕೀಯ ಕಾಲೇಜುಗಳಿವೆ, ಚರ್ಮರೋಗ ವಿಭಾಗಗಳಿವೆ, ಒಂದು ಊರು ಒಣ, ಇನ್ನೊಂದು ತೇವ. ಎರಡೂ ಕಡೆ ಅದೇ ಹನ್ನೆರಡು ತಿಂಗಳು ಒಂದಷ್ಟು ಜನರ ಉದುರಿದ ಕೂದಲನ್ನು ಎಣಿಸಿ, ಅವರಿಗೆ ಯಾವಾಗ ಜ್ವರ ಬಂದಿತ್ತು, ಯಾವ ಎಣ್ಣೆ ಹಚ್ಚಿದರು, ನೀರು ಎಷ್ಟು ಬಿಸಿಯಿತ್ತು ಎಂದು ಬರೆದಿಟ್ಟರೆ ಸಾಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿವರ್ಷ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುತ್ತಾರೆ. ಅವರ ಮಾರ್ಗದರ್ಶಕರು ಇದನ್ನೊಮ್ಮೆ ಪರಿಗಣಿಸಬೇಕು.